ಕೂಸಿನ ಹೊಟ್ಟೆಯ ಗುಟ್ಟು ಹುಡುಕುವ ಡಾಕ್ಟರು ಬೇಕಾಗಿದ್ದಾರೆ

ಬಸ್ ಸ್ಟ್ಯಾಂಡ್ ಎದುರಿನ ಮೆಡಿಕಲ್ ಸ್ಟೋರು. ಸಂಜೆ ಆರರ ಹೊತ್ತು. ಕೊನೇ ಬಸ್ಸು ಹಿಡಿಯುವ ಅವಸರದಲ್ಲಿ ಹಳ್ಳಿಯ ತಾಯಿಯೊಬ್ಬಳು ಕಂಕುಳಲ್ಲಿ ಕೂಸು ಎತ್ತಿಕೊಂಡು ಬರುತ್ತಾಳೆ.

"ಅಣ್ಣಾ, ಬೆಳಗಿನಿಂದ ಏಳೆಂಟು ಸಲ ಭೇದಿ ಆಯ್ತು. ಬೇಗ ನಿಲ್ಲೋ ಹಂಗೆ ಏನಾದ್ರೂ ಔಷಧಿ ಕೊಡಿ."

ಅಂಗಡಿಯಣ್ಣ ಒಂದು ಸೀಸೆ ಕೊಡುತ್ತಾನೆ. ಜೊತೆಗೆ ಎರಡು ಮಾತ್ರೆ. ತಾಯಿ ದುಡ್ಡು ಕೊಟ್ಟು ಬಸ್ಸಿಗೆ ಓಡುತ್ತಾಳೆ. ಮೊಳೆಗೆ ಸರವಾಗಿ ನೇತುಹಾಕಿದ ಓ.ಆರ್.ಎಸ್. ಪ್ಯಾಕೆಟ್ಟುಗಳು ಮಾತ್ರ ಅಲ್ಲೇ ನೇತಾಡುತ್ತಿರುತ್ತವೆ. ಆ ಕೂಸಿಗೆ ಮೊದಲು ಬೇಕಾಗಿದ್ದುದು ಅದೇ!

ಇಂಥ ದೃಶ್ಯ ಯಾವ ತಾಲ್ಲೂಕಿನಲ್ಲಿ ಇಲ್ಲ ಹೇಳಿ?

ಇದು ಊಹೆಯ ಮಾತಲ್ಲ. ಕರ್ನಾಟಕ ಮತ್ತು ಬಿಹಾರ, ಎರಡು ರಾಜ್ಯಗಳ 253 ಪಟ್ಟಣಗಳಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ತರಬೇತಿ ಕೊಟ್ಟ ನಟರನ್ನು 2,282 ಮಂದಿ ಖಾಸಗಿ ಚಿಕಿತ್ಸಕರ ಬಳಿಗೆ ಕಳಿಸಿದರು. "ಮನೇಲಿ ಎರಡು ವರ್ಷದ ಮಗೂಗೆ ಭೇದಿ, ಏನು ಕೊಡಲಿ?" ಅಂತ ಕೇಳಿಸಿದರು. ಫಲಿತಾಂಶ 2024ರ ಫೆಬ್ರವರಿಯಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅಚ್ಚಾಯಿತು. ಓ.ಆರ್.ಎಸ್. ಒಳ್ಳೆಯದು ಅಂತ ಚಿಕಿತ್ಸಕರಿಗೆ ಗೊತ್ತು. ಆದರೂ ಬರೆದುಕೊಡುವುದಿಲ್ಲ. ಯಾಕೆ? "ಜನಕ್ಕೆ ಅದು ಬೇಡ, ಅವರಿಗೆ ಸ್ಟ್ರಾಂಗ್ ಔಷಧಿ ಬೇಕು" ಎಂಬ ಭಾವನೆ. ಓ.ಆರ್.ಎಸ್. ಬರೆಯದೆ ಇರುವುದಕ್ಕೆ ನೂರರಲ್ಲಿ 42 ಪಾಲು ಕಾರಣ ಇದೊಂದೇ. ಅಂಗಡಿಯಲ್ಲಿ ದಾಸ್ತಾನು ಇಲ್ಲದಿರುವುದು, ಬೇರೆ ಔಷಧಿ ಮಾರಿದರೆ ಸಿಗುವ ಲಾಭ, ಇವೆಲ್ಲ ಸಣ್ಣ ಪಾಲು. ತಾಯಿಯೇ ಬಾಯಿಬಿಟ್ಟು "ಓ.ಆರ್.ಎಸ್. ಕೊಡಿ" ಎಂದಾಗ ಕೊಟ್ಟವರ ಸಂಖ್ಯೆ ಗಮನಾರ್ಹವಾಗಿ ಏರಿತು.

ಹಾಗಾದರೆ ಆ ಪ್ಯಾಕೆಟ್ಟು ಮೊಳೆಗೆ ಬಂದು ನೇತುಬಿದ್ದಿದ್ದು ಹೇಗೆ? ಅದನ್ನು ಕಂಡುಹಿಡಿದವರು ಯಾರು? ಆ ಕಥೆ ಕೇಳಿದರೆ ಇನ್ನೊಂದು ಪ್ರಶ್ನೆ ಏಳುತ್ತದೆ. ಅಂಥವರು ಇವತ್ತು ತಯಾರಾಗುತ್ತಿದ್ದಾರೆಯೇ?

ಢಾಕಾದಲ್ಲಿ ಇಬ್ಬರು ಹುಡುಗರು

1960ರ ದಶಕದ ಮಾತು. ಕಾಲರಾ ಬಂದವರಿಗೆ ರಕ್ತನಾಳಕ್ಕೆ ಸೂಜಿ ಚುಚ್ಚಿ ಸಲೈನ್ ಬಾಟಲಿ ಏರಿಸುವುದೊಂದೇ ದಾರಿ. ಬಾಟಲಿ ಸಿಕ್ಕವರು ಬದುಕಿದರು. ಸಿಗದವರು ಹೋದರು.

ಆದರೆ ಲ್ಯಾಬೊರೇಟರಿಗಳಲ್ಲಿ ಒಂದು ಸಂಗತಿ ಗೊತ್ತಾಗಿತ್ತು. ಕರುಳಿನ ಒಳಗೋಡೆಯಲ್ಲಿ ಗ್ಲೂಕೋಸು ಮತ್ತು ಉಪ್ಪು ಜೋಡಿಯಾಗಿ ಒಳಕ್ಕೆ ಹೋಗುತ್ತವೆ. ಅವು ಹೋದರೆ ಹಿಂದೆಯೇ ನೀರೂ ಹೋಗುತ್ತದೆ. ಭೇದಿ ಎಷ್ಟೇ ಜೋರಾಗಿರಲಿ, ಈ ಬಾಗಿಲು ಮಾತ್ರ ಮುಚ್ಚುವುದಿಲ್ಲ. ಬರೀ ನೀರು ಕುಡಿಸಿದರೆ ಹೊರಗೆ ಬರುತ್ತದೆ. ಉಪ್ಪು, ಗ್ಲೂಕೋಸು ಸರಿಯಾದ ಅಳತೆಯಲ್ಲಿ ಬೆರೆಸಿ ಕುಡಿಸಿದರೆ ಒಳಗೆ ನಿಲ್ಲುತ್ತದೆ.

ಲ್ಯಾಬಿನ ಈ ಮಾತನ್ನು ರೋಗಿಯ ಮಂಚದ ಪಕ್ಕಕ್ಕೆ ತಂದವರಲ್ಲಿ ಡೇವಿಡ್ ನ್ಯಾಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ಇಬ್ಬರು ಅಮೆರಿಕದ ಡಾಕ್ಟರು ಪ್ರಮುಖರು. ಇಬ್ಬರಿಗೂ ಆಗ ಇನ್ನೂ ಇಪ್ಪತ್ತೇಳರ ಆಸುಪಾಸು. ಅವರ ಸರ್ಕಾರ ಸಂಬಳ ಕೊಟ್ಟು ಢಾಕಾದ ಕಾಲರಾ ಸಂಶೋಧನಾ ಕೇಂದ್ರಕ್ಕೆ ಕಳಿಸಿತ್ತು. ಎಷ್ಟು ಹೊರಗೆ ಹೋಗುತ್ತದೋ ಅಷ್ಟನ್ನು ಅಳೆದು ಅಷ್ಟೇ ಕುಡಿಸಬೇಕು ಎಂಬ ಸರಳ ಲೆಕ್ಕವನ್ನು ಅವರು ವಾರ್ಡಿನಲ್ಲಿ ರಾತ್ರಿಯೆಲ್ಲ ಕೂತು ಸಾಧಿಸಿ ತೋರಿಸಿದರು. 1968ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಬಂತು. ಸಲೈನ್ ಬಾಟಲಿಯ ಖರ್ಚು ಬಹುಪಾಲು ಇಳಿದಿತ್ತು.

ಗಮನಿಸಿ. ಇವರು ಹೆಸರಾಂತ ಪ್ರೊಫೆಸರುಗಳಲ್ಲ. ಆಗತಾನೆ ಓದು ಮುಗಿಸಿದ್ದ ಹುಡುಗರು. ಅವರಿಗೆ ಸಿಕ್ಕಿದ್ದು ಮೂರು: ಸಂಬಳ, ಸಮಯ, ಹೇಳಿಕೊಡಲು ಹಿರಿಯರು.

ಬನಗಾಂವ್‌ನ ಡ್ರಮ್ಮುಗಳು

ಮೂರು ವರ್ಷ ಕಳೆಯಿತು. 1971. ಬಾಂಗ್ಲಾ ಯುದ್ಧದ ಕಾಲ. ಗಡಿ ದಾಟಿ ಬಂದ ನಿರಾಶ್ರಿತರಿಂದ ಪಶ್ಚಿಮ ಬಂಗಾಳದ ಬನಗಾಂವ್ ತುಂಬಿ ತುಳುಕುತ್ತಿತ್ತು. ಕಾಲರಾ ಹಬ್ಬಿತು. ಆಸ್ಪತ್ರೆಯ ನೆಲದ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ರೋಗಿಗಳು. ಸಲೈನ್ ಮುಗಿಯುತ್ತ ಬಂತು.

ಅಲ್ಲಿದ್ದವರು ದಿಲೀಪ್ ಮಹಲನಬೀಸ್. ಮಕ್ಕಳ ಡಾಕ್ಟರು. ವಯಸ್ಸು 36. ಕಲ್ಕತ್ತೆಯಲ್ಲಿ ಓದಿ, ಲಂಡನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಪಳಗಿ, ಮತ್ತೆ ಕಲ್ಕತ್ತೆಗೆ ಬಂದು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧನೆ ಮತ್ತು ತರಬೇತಿ ಕೇಂದ್ರದಲ್ಲಿ ಇದೇ ಉಪ್ಪು-ಗ್ಲೂಕೋಸಿನ ಕೆಲಸ ಮಾಡುತ್ತಿದ್ದರು. ಅವರಿಗೆ ಬೇರೆ ದಾರಿ ಇರಲಿಲ್ಲ. ಒಂದು ಲೀಟರು ನೀರಿಗೆ 22 ಗ್ರಾಂ ಗ್ಲೂಕೋಸು, ಮೂರೂವರೆ ಗ್ರಾಂ ಅಡಿಗೆ ಉಪ್ಪು, ಎರಡೂವರೆ ಗ್ರಾಂ ಸೋಡಾಪುಡಿ. ಪ್ಲಾಸ್ಟಿಕ್ ಪೊಟ್ಟಣಕ್ಕೆ ಹಾಕಿ ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿ ಮುಚ್ಚಿದರು. ಅಲ್ಲಿ ಡ್ರಮ್ಮುಗಳಲ್ಲಿ ಕಲಸಿದರು. ಲೋಟಗಳಲ್ಲಿ ಹಿಡಿದು ಕುಡಿಸಿದವರು ರೋಗಿಗಳ ಅಪ್ಪ, ಅಮ್ಮ, ಅಣ್ಣ, ತಂಗಿಯರೇ. ನರ್ಸು ಬೇಕಿರಲಿಲ್ಲ, ಸೂಜಿ ಬೇಕಿರಲಿಲ್ಲ.

ನೂರಕ್ಕೆ ಮೂವತ್ತರಷ್ಟಿದ್ದ ಸಾವು ನೂರಕ್ಕೆ 3.6ಕ್ಕೆ ಇಳಿಯಿತು!

ಮುಂದೆ ಈ ಪೊಟ್ಟಣ ಲೋಕಕ್ಕೆಲ್ಲ ಹರಡಿತು. ಇದರಿಂದ ಉಳಿದ ಜೀವಗಳು 5 ಕೋಟಿಗೂ ಹೆಚ್ಚು ಎಂದು ಅಂದಾಜು. ಮಹಲನಬೀಸ್ ತೀರಿಕೊಂಡದ್ದು 2022ರಲ್ಲಿ. ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಬಂತು. ಬದುಕಿದ್ದಾಗ ಅವರ ಹೆಸರು ಕೇಳಿದ್ದವರು ಎಷ್ಟು ಮಂದಿ? ಸಿನಿಮಾ ನಟರ ಹೆಸರು ಕೇಳಿ, ಎಲ್ಲರೂ ಹೇಳುತ್ತಾರೆ.

ಚಕ್ರದ ಆಕಾರದ ವೈರಿ

ಉಪ್ಪು-ಸಕ್ಕರೆ ನೀರು ಜೀವ ಉಳಿಸುತ್ತದೆ. ಸರಿ. ಆದರೆ ಕೂಸಿಗೆ ಭೇದಿ ಬಂದದ್ದಾದರೂ ಯಾಕೆ? "ಹಲ್ಲು ಬರ್ತಾ ಇದೆ", "ದೃಷ್ಟಿ ತಗುಲಿದೆ" ಅಂತ ಅಜ್ಜಿಯರು ಹೇಳುತ್ತಿದ್ದ ಕಾಲದಲ್ಲಿ ಡಾಕ್ಟರುಗಳಿಗೂ ಬಹಳ ಸಲ ಉತ್ತರ ಗೊತ್ತಿರಲಿಲ್ಲ.

1973ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಜೊತೆಗಾರರು ಭೇದಿಯಾಗಿದ್ದ ಮಕ್ಕಳ ಕರುಳಿನ ಸಣ್ಣ ಚೂರನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿಟ್ಟು ನೋಡಿದರು. ಗಾಡಿಯ ಚಕ್ರದಂತೆ ಕಾಣುವ ವೈರಸ್ಸು ಸಿಕ್ಕಿತು. ಲ್ಯಾಟಿನ್ ಭಾಷೆಯಲ್ಲಿ ಚಕ್ರಕ್ಕೆ 'ರೋಟಾ' ಅನ್ನುತ್ತಾರೆ. ಹಾಗಾಗಿ ರೋಟಾವೈರಸ್. ಲಸಿಕೆ ಬರುವ ಮುಂಚೆ ಭಾರತದಲ್ಲಿ ವರ್ಷಕ್ಕೆ ಸುಮಾರು 78 ಸಾವಿರ ಮಕ್ಕಳು ಇದೊಂದರಿಂದಲೇ ಸಾಯುತ್ತಿದ್ದರೆಂದು ಅಂದಾಜು ಮಾಡಿದ್ದಾರೆ.

ಇದಕ್ಕೆ ಲಸಿಕೆ ಕೊಟ್ಟ ಕಥೆಯಲ್ಲಿ ನಮ್ಮ ಬೆಂಗಳೂರಿಗೂ ಒಂದು ಪಾಲಿದೆ.

1985-86ರ ಸುಮಾರಿಗೆ ದೆಹಲಿಯ ಏಮ್ಸ್ ಆಸ್ಪತ್ರೆಯ ಹಸುಗೂಸುಗಳ ವಾರ್ಡಿನಲ್ಲಿ ಒಂದು ವಿಚಿತ್ರ ಕಂಡಿತು. ಕೂಸುಗಳ ಮಲದಲ್ಲಿ ರೋಟಾವೈರಸ್ ಇದೆ, ಆದರೆ ಭೇದಿ ಇಲ್ಲ! ಬೇರೆಯವರಾಗಿದ್ದರೆ "ಮಗು ಚೆನ್ನಾಗಿದೆ, ಮನೆಗೆ ಕರ್ಕೊಂಡು ಹೋಗಿ" ಅಂತ ಕಳಿಸಿ ಮರೆಯುತ್ತಿದ್ದರು. ಅಲ್ಲಿದ್ದ ಮಕ್ಕಳ ಡಾಕ್ಟರು ಮಹಾರಾಜ್ ಕಿಶನ್ ಭಾನ್ ಮರೆಯಲಿಲ್ಲ. ಅವರ ತಂಡ ಆ ಕೂಸುಗಳನ್ನು ಮನೆಯವರೆಗೂ ಹಿಂಬಾಲಿಸಿತು. ಹುಟ್ಟಿದಾಗಲೇ ಈ ಸಾಧು ವೈರಸ್ಸು ತಗುಲಿದ ಮಕ್ಕಳಿಗೆ ಮುಂದೆ ರೋಟಾ ಭೇದಿ ಕಡಿಮೆ ಎಂದು ಗೊತ್ತಾಯಿತು. ಅಂದರೆ ಪ್ರಕೃತಿಯೇ ಲಸಿಕೆ ಹಾಕಿತ್ತು. ಆ ತಳಿಗೆ 116ಇ ಎಂದು ಹೆಸರು.

ಅದೇ ಕಾಲದ ಆಸುಪಾಸಿನಲ್ಲಿ ಬೆಂಗಳೂರಿನ ಹಸುಗೂಸುಗಳಲ್ಲೂ ಇಂಥದೇ ಇನ್ನೊಂದು ಸಾಧು ತಳಿ ಸಿಕ್ಕಿತು. ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾರಾವ್ ಅವರ ತಂಡದ ಕೆಲಸ ಅದು. ತಳಿಯ ಹೆಸರು ಐ321. ಎರಡರಲ್ಲೂ ದನದ ವೈರಸ್ಸಿನ ಅಂಶ ಬೆರೆತಿತ್ತು ಎಂಬುದು ಇನ್ನೊಂದು ಸೋಜಿಗ. ಎರಡನ್ನೂ ಲಸಿಕೆಯಾಗಿ ಮಾಡಿ ಕೂಸುಗಳಿಗೆ ಕೊಟ್ಟು ನೋಡಿದರು. 2006ರಲ್ಲಿ ವರದಿ ಬಂತು. ದೆಹಲಿಯ ತಳಿ ಗೆದ್ದಿತು, ಬೆಂಗಳೂರಿನದು ಹಿಂದೆ ಬಿತ್ತು. ಆದರೂ ಪೈಪೋಟಿಗೆ ನಿಂತದ್ದು ಸಣ್ಣ ಮಾತಲ್ಲ.

ಹೈದರಾಬಾದಿನ ಭಾರತ್ ಬಯೋಟೆಕ್ ಕಂಪನಿ ಲಸಿಕೆ ತಯಾರಿಸಿತು. ದೆಹಲಿ, ಪುಣೆ, ವೆಲ್ಲೂರುಗಳಲ್ಲಿ 6,799 ಕೂಸುಗಳ ಮೇಲೆ ಪರೀಕ್ಷೆ ನಡೆಯಿತು. 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಸರ್ಕಾರಿ ಲಸಿಕೆ ಪಟ್ಟಿಗೆ ಸೇರಿತು. 2019ರಲ್ಲಿ ರೋಟಾ ಲಸಿಕೆ ದೇಶಕ್ಕೆಲ್ಲ ಹರಡಿತು. ಇವತ್ತು ಸರ್ಕಾರಿ ಆಸ್ಪತ್ರೆಯಲ್ಲಿ ಆರು, ಹತ್ತು, ಹದಿನಾಲ್ಕನೇ ವಾರದಲ್ಲಿ ಕೂಸಿನ ಬಾಯಿಗೆ ಬಿಟ್ಟಿಯಾಗಿ ಹಾಕುವ ಹನಿ ಇದೇ ರೋಗಕ್ಕೆ.

ಲೆಕ್ಕ ಹಾಕಿ. ವಾರ್ಡಿನಲ್ಲಿ ಕಂಡ ವಿಚಿತ್ರ ಊರಿನ ಆಸ್ಪತ್ರೆಯ ಹನಿಯಾಗಲು ಮೂವತ್ತು ವರ್ಷ!

ವೆಲ್ಲೂರಿನ ಮನೆಮನೆ ಲೆಕ್ಕ

ಸಂಶೋಧನೆ ಅಂದರೆ ಬಿಳಿ ಕೋಟು, ಗಾಜಿನ ನಳಿಕೆ ಅಂತ ಜನ ತಿಳಿದಿದ್ದಾರೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರನ್ನು ಕೇಳಿದರೆ ಬೇರೆಯೇ ಹೇಳುತ್ತಾರೆ. ಅಲ್ಲಿಯೇ ಎಂ.ಬಿ.ಬಿ.ಎಸ್. ಓದಿ, ಅಲ್ಲಿಯೇ ಎಂ.ಡಿ. ಮಾಡಿ, ಪಿಎಚ್.ಡಿ.ಯನ್ನೂ ಪಡೆದ ಗಗನದೀಪ್ ಕಾಂಗ್ ಅವರ ತಂಡ ಸ್ಲಮ್ಮುಗಳ 373 ಮಕ್ಕಳನ್ನು ಹುಟ್ಟಿದಂದಿನಿಂದ ಮೂರು ವರ್ಷ ಹಿಂಬಾಲಿಸಿತು. ವಾರಕ್ಕೆ ಎರಡು ಸಲ ಮನೆಗೆ ಹೋಗಿ ವಿಚಾರಣೆ. ಹದಿನೈದು ದಿನಕ್ಕೊಮ್ಮೆ, ಮಗು ಚೆನ್ನಾಗಿದ್ದರೂ, ಮಲದ ಪರೀಕ್ಷೆ. ಸಾವಿರಾರು ಡಬ್ಬಿಗಳು!

ಇಷ್ಟು ಕಷ್ಟ ಯಾಕೆ? ಮೆಕ್ಸಿಕೋದಲ್ಲಿ ಎರಡು ಸಲ ರೋಟಾ ತಗುಲಿದ ಮಕ್ಕಳಿಗೆ ಜೋರಾದ ಭೇದಿ ಮತ್ತೆ ಬರಲಿಲ್ಲ. ವೆಲ್ಲೂರಿನಲ್ಲಿ ಮೂರು ಸಲ ತಗುಲಿದ ಮೇಲೂ ರಕ್ಷಣೆ ನೂರಕ್ಕೆ 79ರಷ್ಟೇ. ಈ ಫಲಿತಾಂಶ 2011ರಲ್ಲಿ ಅಚ್ಚಾಯಿತು. ಅಲ್ಲಿನ ಮಕ್ಕಳ ಹೊಟ್ಟೆಯ ಲೆಕ್ಕ ಇಲ್ಲಿನ ಮಕ್ಕಳಿಗೆ ಸಲ್ಲುವುದಿಲ್ಲ ಎಂದು ಅಮೆರಿಕದಲ್ಲಿ ಕೂತವರಿಗೆ ಗೊತ್ತಾಗುವುದಾದರೂ ಹೇಗೆ? ಇಲ್ಲಿನ ಡಾಕ್ಟರೇ ಇಲ್ಲಿನ ಓಣಿಯಲ್ಲಿ ನಡೆದು ನೋಡಬೇಕು. 2019ರಲ್ಲಿ ಕಾಂಗ್ ಅವರು ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. ಭಾರತದಲ್ಲಿ ಕೆಲಸ ಮಾಡುವ ಮಹಿಳೆಯೊಬ್ಬರಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು.

ಹೊಟ್ಟೆಯ ಸಂಶೋಧನೆ, ಹೊಟ್ಟೆಪಾಡಿನ ಚಿಂತೆ

ಈಗ ಅಸಲು ವಿಷಯಕ್ಕೆ ಬರೋಣ. ಇಂಥ ಡಾಕ್ಟರನ್ನು ತಯಾರು ಮಾಡಲು ಎಷ್ಟು ವರ್ಷ ಬೇಕು?

ಪಿಯುಸಿ ಮುಗಿಸಿದ ಹದಿನೆಂಟರ ಹುಡುಗಿ ಅಂತ ಇಟ್ಟುಕೊಳ್ಳಿ. ಎಂ.ಬಿ.ಬಿ.ಎಸ್. ಮತ್ತು ಹೌಸ್ ಸರ್ಜನ್ ಕೆಲಸ ಸೇರಿ ಐದೂವರೆ ವರ್ಷ. ಮಕ್ಕಳ ವೈದ್ಯಕೀಯದಲ್ಲಿ ಎಂ.ಡಿ. ಮೂರು ವರ್ಷ. ಮಕ್ಕಳ ಹೊಟ್ಟೆ, ಕರುಳು, ಲಿವರಿಗೇ ಮೀಸಲಾದ ಡಿ.ಎಂ. ಇನ್ನು ಮೂರು ವರ್ಷ. ಅದೂ ಚಂಡೀಗಢದ ಪಿಜಿಐ, ಲಕ್ನೋದ ಸಂಜಯ್ ಗಾಂಧಿ ಸಂಸ್ಥೆಯಂಥ ಕೆಲವೇ ಕಡೆ. ನಡುವೆ ಪರೀಕ್ಷೆಗಳಿಗೆ ಓದಲು ಹೋದ ವರ್ಷಗಳು ಬೇರೆ. ಇಷ್ಟು ಮುಗಿಯುವ ಹೊತ್ತಿಗೆ ಮೂವತ್ತು ದಾಟಿರುತ್ತದೆ. ಮದುವೆ, ಮಗು, ಓದಿಸಲು ಮಾಡಿದ ಸಾಲ, ವಯಸ್ಸಾದ ಅಪ್ಪ-ಅಮ್ಮ. ಸಂಶೋಧನೆ ಶುರುವಾಗಬೇಕಾದ್ದು ಅಲ್ಲಿಂದ ಮುಂದೆ!

ಒಂದು ಕಡೆ ದೊಡ್ಡ ಆಸ್ಪತ್ರೆ ಕೈತುಂಬ ಸಂಬಳ ಕೊಟ್ಟು ಕರೆಯುತ್ತದೆ. ಇನ್ನೊಂದು ಕಡೆ ಅವಧಿ ಮುಗಿದರೆ ಮುಗಿಯಿತು ಅನ್ನುವ ಫೆಲೋಶಿಪ್ಪು. ಯಾರು ಯಾವುದನ್ನು ಆರಿಸುತ್ತಾರೆ ಎಂದು ಹೇಳಬೇಕೇ? ಅವರನ್ನು ಬೈದು ಪ್ರಯೋಜನವಿಲ್ಲ. ಅಂಗಡಿಯ ಬಾಡಿಗೆ ಕಟ್ಟುವವರಿಗೆ ಈ ಸಂಕಟ ಬೇರೆಯವರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ಏನೂ ಏರ್ಪಾಡೇ ಇಲ್ಲ ಅಂತಲ್ಲ. ಐ.ಸಿ.ಎಂ.ಆರ್. ಎಂಬ ಕೇಂದ್ರ ಸಂಸ್ಥೆ 1979ರಿಂದಲೇ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗೆ ಎರಡು ತಿಂಗಳ ಸಣ್ಣ ಸಂಶೋಧನೆಗೆ ವಿದ್ಯಾರ್ಥಿವೇತನ ಶುರು ಮಾಡಿತು. ಬಯೋಟೆಕ್ನಾಲಜಿ ಇಲಾಖೆ ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟಿನ ಜೊತೆ ಸೇರಿ 2008ರಲ್ಲಿ 'ಇಂಡಿಯಾ ಅಲಯನ್ಸ್' ಕಟ್ಟಿತು. ಡಾಕ್ಟರುಗಳಿಗೆಂದೇ ಫೆಲೋಶಿಪ್ಪು ಇಟ್ಟಿತು. ಆಗ ಆ ಇಲಾಖೆಯ ಕಾರ್ಯದರ್ಶಿ ಯಾರು ಗೊತ್ತೇ? ಹಸುಗೂಸುಗಳ ವಾರ್ಡಿನ ಅದೇ ಡಾಕ್ಟರ್ ಭಾನ್! ತಾವು ದಾಟಿದ ಹೊಳೆಗೆ ಹಿಂದೆ ಬರುವವರಿಗಾಗಿ ಸೇತುವೆ ಕಟ್ಟಲು ಹೊರಟರು. 2020ರ ಜನವರಿಯಲ್ಲಿ ತೀರಿಕೊಂಡರು.

ಆದರೆ ಸೇತುವೆ ಕಿರಿದು. ಎಂ.ಡಿ. ಮಾಡುವವರು ಪ್ರಬಂಧ ಬರೆಯಲೇಬೇಕೆಂಬ ನಿಯಮವಿದೆ. ಹಗಲೆಲ್ಲ ಓ.ಪಿ.ಡಿ.ಯ ಕ್ಯೂ, ರಾತ್ರಿ ಡ್ಯೂಟಿ. ಇನ್ನು ಪ್ರಬಂಧಕ್ಕೆ ಪುರುಸೊತ್ತು ಎಲ್ಲಿ? ಬಹಳ ಮಂದಿಗೆ ಅದು ಡಿಗ್ರಿಗಾಗಿ ಮುಗಿಸುವ ಕಾಗದದ ಕಟ್ಟಾಗಿ ಉಳಿದುಬಿಡುತ್ತದೆ. ವಾರಕ್ಕೆ ಎರಡು ದಿನ ವಾರ್ಡಿನ ಕೆಲಸ ಬಿಡಿಸಿ, ಸಂಬಳ ಹಿಡಿಯದೆ, ಪಕ್ಕದಲ್ಲಿ ಒಬ್ಬ ಹಿರಿಯರನ್ನು ಕೂರಿಸಿ ಕಲಿಸಿದರೆ ಅದೇ ಪ್ರಬಂಧದಿಂದ ಒಬ್ಬ ಸಂಶೋಧಕ ಹುಟ್ಟಬಹುದು. ಢಾಕಾದ ಹುಡುಗರಿಗೆ ಸಿಕ್ಕಿದ್ದೂ ಇದೇ ತಾನೇ?

ಮುದ್ದೆ ತಿಂದ ಮಗು

"ಓ.ಆರ್.ಎಸ್. ಬಂತು, ಲಸಿಕೆ ಬಂತು. ಇನ್ನೇನು ಹುಡುಕೋದು ಸ್ವಾಮಿ?" ಅನ್ನಬಹುದು. ಬೇಕಾದಷ್ಟಿದೆ.

ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಇದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ. ಊಟ ಸಾಲದೆ ಹೀಗಾಯಿತೇ? ತಿಂದದ್ದು ಮೈಗೆ ಹತ್ತದೆ ಹೀಗಾಯಿತೇ? ಕೊಳಕು ನೀರು, ಮತ್ತೆ ಮತ್ತೆ ಬರುವ ಸೋಂಕಿನಿಂದ ಕರುಳಿನ ಒಳಗೋಡೆ ಸವೆದರೆ ತಿಂದ ಅನ್ನ ಸುಮ್ಮನೆ ಹಾದುಹೋಗುತ್ತದೆ.

ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು ಇಂಥದೇ ಒಂದು ಪ್ರಶ್ನೆಗೆ ಕೈಹಾಕಿದರು. ಅನ್ನ, ರಾಗಿ, ಹೆಸರು, ಮೊಟ್ಟೆ. ಇವುಗಳ ಪ್ರೋಟೀನು ಪುಟ್ಟ ಮಕ್ಕಳ ಹೊಟ್ಟೆಯಲ್ಲಿ ಎಷ್ಟು ಜೀರ್ಣವಾಗುತ್ತದೆ? ಗುರುತು ಹಾಕಿದ ಆಹಾರ ಕೊಟ್ಟು ಅಳೆದರು. 2019ರಲ್ಲಿ ಉತ್ತರ ಬಂತು. ಮೊಟ್ಟೆ ಎಲ್ಲಕ್ಕಿಂತ ಮೇಲೆ. ನಂತರ ಅನ್ನ. ರಾಗಿ ಮತ್ತು ಹೆಸರು ಅದಕ್ಕೂ ಕೆಳಗೆ. ರಾಗಿ ಬೇಡ ಅಂತ ಇದರ ಅರ್ಥವಲ್ಲ. ಮುದ್ದೆಯ ಜೊತೆಗೆ ಇನ್ನೇನು ಕೊಡಬೇಕು ಅನ್ನುವುದಕ್ಕೆ ಇದು ಆಧಾರ. ಅಂಗನವಾಡಿಯಲ್ಲಿ ಮೊಟ್ಟೆ ಕೊಡಬೇಕೇ ಬೇಡವೇ ಎಂದು ಜಗಳವಾಡುವವರು ಇಂಥ ಲೆಕ್ಕವನ್ನು ಒಮ್ಮೆ ನೋಡುವುದು ಒಳ್ಳೆಯದು.

ಲಸಿಕೆಯ ಗುಟ್ಟೂ ಪೂರ್ತಿ ಬಿಡಿಸಿಲ್ಲ. ಶ್ರೀಮಂತ ದೇಶಗಳಲ್ಲಿ ರೋಟಾ ಲಸಿಕೆ ಜೋರಾದ ರೋಗವನ್ನು ನೂರಕ್ಕೆ 85ಕ್ಕೂ ಮೇಲೆ ತಡೆಯುತ್ತದೆ. ಇಲ್ಲಿನ ಪರೀಕ್ಷೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅದೂ ಸಾವಿರಾರು ಜೀವ ಉಳಿಸುವ ಮಾತೇ. ಆದರೆ ಉಳಿದರ್ಧ? ಅದನ್ನು ಹುಡುಕಬೇಕಾದವರು ಈಗ ಯಾವುದೋ ಮೆಡಿಕಲ್ ಕಾಲೇಜಿನ ಹಾಸ್ಟೆಲಿನಲ್ಲಿ ಓದುತ್ತಿರಬೇಕು.

ಅಂಗಡಿಯವರಿಗೂ ಒಂದು ಮಾತು

ಅಲ್ಲಿಯವರೆಗೆ ಕೈಯಲ್ಲಿರುವುದನ್ನಾದರೂ ಸರಿಯಾಗಿ ಬಳಸೋಣ. ಅದೇ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಭೇದಿಯಾದ ನೂರು ಮಕ್ಕಳಲ್ಲಿ ಓ.ಆರ್.ಎಸ್. ಸಿಕ್ಕಿದ್ದು ಸುಮಾರು 60 ಮಂದಿಗೆ. ಉಳಿದ ನಲವತ್ತು?

ಇನ್ನೊಂದು ಮೋಸವೂ ನಡೆದಿತ್ತು. ಸಕ್ಕರೆ ತುಂಬಿದ ಪಾನೀಯಗಳು ಓ.ಆರ್.ಎಸ್. ಹೆಸರು ಹಚ್ಚಿಕೊಂಡು ಅಂಗಡಿಗೆ ಬಂದಿದ್ದವು. ಹೆಚ್ಚು ಸಕ್ಕರೆ ಭೇದಿಯನ್ನು ಇನ್ನೂ ಜೋರು ಮಾಡುತ್ತದೆ. ಹೈದರಾಬಾದಿನ ಮಕ್ಕಳ ಡಾಕ್ಟರು ಶಿವರಂಜನಿ ಸಂತೋಷ್ ಎಂಟು ವರ್ಷ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಹೆಸರಿನಲ್ಲಿ 'ಓ.ಆರ್.ಎಸ್.' ಬಳಸಬಾರದೆಂದು ಆದೇಶಿಸಿತು. ಆದ್ದರಿಂದ ಡಬ್ಬಿ ನೋಡಿ ಮಾರಿ, ನೋಡಿ ಕೊಳ್ಳಿ. 'ಡಬ್ಲ್ಯು.ಎಚ್.ಓ. ಸೂತ್ರ' ಎಂದು ಬರೆದ ಪುಡಿಯ ಪ್ಯಾಕೆಟ್ಟೇ ಸರಿ. ದೊಡ್ಡ ಪ್ಯಾಕೆಟ್ಟಾದರೆ ಪೂರ್ತಿ ಪುಡಿ ಒಂದು ಲೀಟರು ಶುದ್ಧ ನೀರಿಗೆ. ಸ್ವಲ್ಪ ಸ್ವಲ್ಪ ಚಮಚದಲ್ಲಿ ಕುಡಿಸಬೇಕು. ಒಂದು ದಿನ ದಾಟಿದರೆ ಚೆಲ್ಲಬೇಕು. ಎದೆಹಾಲು ನಿಲ್ಲಿಸಬಾರದು. ಜೊತೆಗೆ ಡಾಕ್ಟರನ್ನು ಕೇಳಿ ಹದಿನಾಲ್ಕು ದಿನ ಜಿಂಕ್. ಕಣ್ಣು ಗುಳಿಬಿದ್ದರೆ, ಕೂಸು ಮಂಕಾದರೆ, ಕುಡಿಯಲೊಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ.

ಪ್ರತಿ ವರ್ಷ ಊರಿನ ಒಬ್ಬಳೋ ಇಬ್ಬರೋ ಹುಡುಗಿಯರಿಗೆ ಮೆಡಿಕಲ್ ಸೀಟು ಸಿಗುತ್ತದೆ. ಸಂಘದವರು ಹಾರ ಹಾಕುತ್ತಾರೆ, ಫೋಟೋ ಹೊಡೆಸುತ್ತಾರೆ. "ನರ್ಸಿಂಗ್ ಹೋಂ ಯಾವಾಗ ತೆಗೀತೀಯಮ್ಮಾ?" ಎಂದು ಕೇಳುವುದು ವಾಡಿಕೆ. ಮುಂದಿನ ಸಲ ಯಾರಾದರೂ ಒಬ್ಬರು ಬೇರೆ ಪ್ರಶ್ನೆ ಕೇಳಲಿ. "ನಮ್ಮ ಮಕ್ಕಳ ಹೊಟ್ಟೆ ಯಾಕೆ ಹಿಂಗೆ ಕೆಡುತ್ತೆ ಅಂತ ನೀನು ನೋಡ್ತೀಯೇನಮ್ಮಾ?"

ಕೇಳಿದವರು ಹಾರದ ಜೊತೆಗೆ ಅವಳ ನಾಲ್ಕು ವರ್ಷದ ಖರ್ಚಿಗೂ ದಾರಿ ತೋರಿಸಿದರೆ ಇನ್ನೂ ಒಳ್ಳೆಯದು.